ರೋಗಿಯ ಮನೆ ಪದ್ಧತಿಗೆ ಹೊಂದೋ ಹಾಗೆ ನರ್ಸಿಂಗ್ ಕೇರ್ ಕೊಡೋದು ಹೇಗೆ? ಬಾಣಂತಿ ವಾರ್ಡಿಂದ ಐಸಿಯುವರೆಗೆ ನಿಮ್ಮ ಅನುಭವ ಬರೀರಿ

ಹೆರಿಗೆವಾರ್ಡ್_ತುಮಕೂರು:

ಎಲ್ರಿಗೂ ನಮಸ್ಕಾರ. ನರ್ಸಿಂಗ್‌ನಲ್ಲಿರೋರು, ಆಶಾ ಕಾರ್ಯಕರ್ತೆಯರು, ಆಸ್ಪತ್ರೆಯಲ್ಲಿ ಮಲಗಿ ಎದ್ದು ಬಂದವರು ಯಾರು ಬೇಕಾದ್ರೂ ಬರೀಬಹುದು.

ವಿಷಯ ಏನಂದ್ರೆ, ಡಿಸ್ಚಾರ್ಜ್ ದಿನ ನಾವು ಬಾಣಂತಿಗೆ ಹೇಳೋದು ಎಲ್ರಿಗೂ ಒಂದೇ ಪಾಠ. ನೀರು ಚೆನ್ನಾಗಿ ಕುಡೀರಿ, ತರಕಾರಿ ಹಣ್ಣು ಎಲ್ಲಾ ತಿನ್ನಿ, ಆರು ತಿಂಗಳು ಮಗುಗೆ ಎದೆಹಾಲು ಬಿಟ್ಟು ಇನ್ನೇನೂ ಬೇಡ, ಹೊಕ್ಕಳಿಗೆ ಏನೂ ಹಚ್ಚಬೇಡಿ, ಕಣ್ಣಿಗೆ ಕಾಡಿಗೆ ಬೇಡ. ಆಯಮ್ಮ ಎಲ್ಲದಕ್ಕೂ ಹೂಂ ಸಿಸ್ಟರ್ ಅಂತಾಳೆ. ಮನೆಗೆ ಹೋದ್ಮೇಲೆ ನಡೆಯೋದು ಅವ್ಳ ಅಮ್ಮನ ಮಾತು, ಅಜ್ಜಿ ಮಾತು. ನೀರು ಕುಡಿದ್ರೆ ಹೊಟ್ಟೆ ಬರುತ್ತೆ, ಮಗುಗೆ ಶೀತ ಆಗುತ್ತೆ ಅಂತ ದಿನಕ್ಕೆ ಒಂದೆರಡು ಲೋಟಕ್ಕೆ ನಿಲ್ಲಿಸಿಬಿಡ್ತಾರೆ. ಆಮೇಲೆ ಮಲಬದ್ಧತೆ, ಹೊಲಿಗೆ ನೋವು, ಉರಿಮೂತ್ರ ಅಂತ ವಾಪಸ್ ಬಂದಾಗ ನಾವು "ಹೇಳಿದ್ವಲ್ಲಮ್ಮ, ಕೇಳಲಿಲ್ಲ ನೀನು" ಅಂತ ಗದರ್ತೀವಿ. ಅವಳೇನು ಮಾಡ್ತಾಳೆ ಪಾಪ, ಬಾಣಂತನ ಮಾಡೋದು ಅವ್ಳಲ್ಲ, ಅವ್ಳಿಗೆ ಮಾಡ್ತಿರೋದು.

ನನ್ನ ಅಭಿಪ್ರಾಯದಲ್ಲಿ ಹೇಳಿ ಕೈ ತೊಳ್ಕೊಳ್ಳೋದಕ್ಕೆ ನರ್ಸಿಂಗ್ ಅನ್ನಕ್ಕಾಗಲ್ಲ. ಮನೇಲಿ ಯಾರು ನೋಡ್ಕೋತಾರೆ, ಅವರು ಏನು ಕೊಡ್ತಾರೆ, ಏನು ಕೊಡಲ್ಲ, ಯಾಕೆ ಕೊಡಲ್ಲ ಅಂತ ಕೇಳಿ, ನಮ್ಮ ಸಲಹೆಯನ್ನ ಆ ಮನೆ ಅಡುಗೆಮನೆಯೊಳಗೆ ಕೂರಿಸಬೇಕು. ಈ ನೀರಿನ ವಿಷಯಾನೇ ತಗೊಳ್ಳಿ, ಅಜ್ಜಿಗೆ ಭಯ ಇರೋದು ತಣ್ಣಗಿರೋದರ ಮೇಲೆ, ನೀರಿನ ಮೇಲಲ್ಲ. ಅದಕ್ಕೆ ನಾನೀಗ "ನೀರು ಕುಡಿಸಿ" ಅನ್ನಲ್ಲ. "ಅಜ್ಜಿ, ಓಮ ಹಾಕಿ ಕುದಿಸಿದ ನೀರು ಒಂದು ಫ್ಲಾಸ್ಕ್ ತುಂಬ ಇಟ್ಬಿಡಿ, ಮಗು ಹಾಲು ಕುಡಿದಾಗೆಲ್ಲ ತಾಯಿಗೊಂದು ಲೋಟ ಬಿಸಿಬಿಸಿ ಕೊಡಿ, ಜೀರಿಗೆ ಮೆಣಸಿನ ಸಾರು ತೆಳ್ಳಗೆ ಮಾಡಿ ಕುಡಿಸಿ" ಅಂತೀನಿ. ಅದೇ ಅಜ್ಜಿ ತಲೆ ಆಡಿಸಿ "ಓಮದ ನೀರಾದ್ರೆ ಕೊಡಬಹುದು ಬಿಡವ್ವ" ಅಂತಾರೆ. ದೇಹಕ್ಕೆ ಹೋಗೋದು ಅದೇ ನೀರು ತಾನೇ?

ನಿಮ್ಮ ಕಡೆ ಹೇಗೆ ಮಾಡ್ತೀರಿ? ಎಲ್ಲಿಗೆ ಒಪ್ಪಬೇಕು, ಎಲ್ಲಿ ಬೇಡ ಅನ್ನಬೇಕು?

ಧಾರವಾಡದ_ಅಕ್ಕ:

ನಮ್ಮ ಕಡೆನೂ ಇದ ಹಣೆಬಾರ ನೋಡ್ರಿ. ಆದ್ರ ಮೊದಲ ಒಂದ ಮಾತು, ಬಾಣಂತನದಾಗ ಎಲ್ಲಾನೂ ಕೆಟ್ಟದ್ದಲ್ಲ. ಅಳ್ವಿ ಪಾಯಸ, ಅಂಟಿನ ಉಂಡಿ, ಸಬ್ಬಸಗಿ ಪಲ್ಯ, ಬೆಳ್ಳೊಳ್ಳಿ ಹಾಕಿದ ಬಿಸಿ ಸಾರು, ಇವೆಲ್ಲಾ ಹೊಸದಾಗಿ ಹಡದಾಕಿಗೆ ಬೇಕಾದಂಥಾವ. ತಲಿಗೆ ಅರಬಿ ಕಟ್ಟೂದು, ಕಿವಿಗೆ ಹತ್ತಿ ಇಡೂದು, ಯಾರಿಗೂ ಏನೂ ತೊಂದ್ರಿ ಇಲ್ಲ. ನಲವತ್ತು ದಿನ ಕೆಲಸ ಹಚ್ಚದ ಕೂಡಿಸಿ ಉಣಿಸೂದು ಅಂತೂ ಯಾವ ಪ್ರೋಗ್ರಾಂನಾಗೂ ಸಿಗೂದಿಲ್ಲ. ಇವನ್ನೆಲ್ಲಾ ನಾವು ಬಾಯಿ ತುಂಬ "ಛಲೋ ಮಾಡಾಕತ್ತೀರಿ ಅಮ್ಮಾರ" ಅಂತ ಹೊಗಳಬೇಕು. ಹೊಗಳಿದ ಮ್ಯಾಲೆ ಒಂದು ಬ್ಯಾಡ ಅಂದ್ರ ಕೇಳತಾರ, ಬರೇ ಬ್ಯಾಡ ಬ್ಯಾಡ ಅಂದ್ರ ಆ ಕಿವ್ಯಾಗ ಕೇಳಿ ಈ ಕಿವ್ಯಾಗ ಬಿಡ್ತಾರ.

ನನಗ ಜಾಸ್ತಿ ತಲಿ ತಿಂದಿದ್ದು ಕಬ್ಬಿಣದ ಗುಳಿಗಿ. ಗರ್ಭಿಣಿಗೆ ದಿನಾ ಒಂದರಂಗ 180 ದಿನ, ಹಡದ ಮ್ಯಾಲೆ ಮತ್ತ 180 ದಿನ ತಗೋಬೇಕು, ತಾಯಿ ಕಾರ್ಡಿನ್ಯಾಗ ಕೊಟ್ಟೇವಿ ಅಂತ ಬರದಿರತೈತಿ, ಮನ್ಯಾಗ ನೋಡಿದ್ರ ಪಾಕೀಟ ಹಂಗ ಇರತಾವ. ನಾವು ಪ್ರತಿ ಸಲ "ಗುಳಿಗಿ ತಗೊಂಡ್ಯೇನವಾ" ಅಂತ ಕೇಳೂದು, ಅಕಿ "ಹೂಂನ್ರಿ" ಅನ್ನೂದು. ಒಂದ್ ಮನ್ಯಾಗ ಅತ್ತಿ ಮುಂದ ಕುಂತು "ಯಾಕ್ರಿ ಅಮ್ಮಾರ ಮನಸ್ಸಿಲ್ಲ ನಿಮಗ" ಅಂತ ಸಮಾಧಾನದಿಂದ ಕೇಳಿದ ಮ್ಯಾಲೆ ಖರೇ ಮಾತು ಬಂತು. ಗುಳಿಗಿ ತಗೊಂಡ್ರ ಕೂಸು ಕಪ್ಪ ಹುಟ್ಟತೈತಂತ. ಅದಕ್ಕ ಸಾಕ್ಷಿ ಏನು? ಸೊಸಿಗೆ ಸಂಡಾಸ ಕಪ್ಪಗ ಆಗಿತ್ತು! ಒಳಗ ಕಪ್ಪ ಹೋಗಾಕತ್ತೈತಿ ಅಂದ್ರ ಕೂಸಿಗೂ ಹತ್ತತೈತಿ ಅಂತ ಅವರ ಲೆಕ್ಕ. ನೋಡ್ರಿ, ಅವರು ಕಣ್ಣಾರೆ ಕಂಡಿದ್ದಕ್ಕ ಅರ್ಥ ಹಚ್ಚ್ಯಾರ, ನಾವು ಮುಂಚೇನ "ಸಂಡಾಸ ಕಪ್ಪಗ ಆಗತೈತಿ, ಮೈಗೆ ಹತ್ತಲಾರದ ಕಬ್ಬಿಣ ಹಂಗ ಹೊರಗ ಹೊಂಟೈತಿ, ಅಂಜಬ್ಯಾಡ್ರಿ" ಅಂತ ಹೇಳಿದ್ರ ಈ ಪ್ರಶ್ನೀನ ಬರತಿರಲಿಲ್ಲ. ಈಗ ನಾನು ಗುಳಿಗಿ ಕೈಯಾಗ ಇಡೂಕಿಂತ ಮೊದಲ ಅದನ್ನ ಹೇಳ್ತೇನಿ. ರಾತ್ರಿ ಊಟ ಆದ ಮ್ಯಾಲೆ ತಗೊಂಡ್ರ ಹೊಟ್ಟಿ ತೊಳಸೂದು ಕಡಿಮಿ, ಲಿಂಬಿಹುಳಿ ನೀರಿನ ಜೋಡಿ ಛಲೋ, ಚಾ ಮತ್ತ ಹಾಲಿನ ಜೋಡಿ ಬ್ಯಾಡ, ಕ್ಯಾಲ್ಸಿಯಂ ಗುಳಿಗಿ ಬ್ಯಾರೆ ಹೊತ್ತಿಗೆ. ನಮ್ಮ ಕಡೆ ಚಾ ಕುಡದ ಗುಳಿಗಿ ನುಂಗೋ ಚಟ ಜಾಸ್ತಿ, ಅದಕ್ಕ ಇದನ್ನೂ ಒತ್ತಿ ಹೇಳಬೇಕಾಗತೈತಿ. ಎನ್‌ಎಫ್‌ಎಚ್‌ಎಸ್ ಅಂತ ರಾಷ್ಟ್ರೀಯ ಕುಟುಂಬ ಆರೋಗ್ಯ ಸರ್ವೇ ಐತೆಲ್ಲ, ಅದರ 2019-21ರ ಲೆಕ್ಕದಾಗ ದೇಶದ ಗರ್ಭಿಣಿಯರೊಳಗ ನೂರಕ್ಕ 52 ಮಂದಿಗೆ ರಕ್ತ ಕಡಿಮಿ ಅಂತ ಬಂದೈತಿ. ಗುಳಿಗಿ ಹಂಚಿದ ಲೆಕ್ಕ ಬರಕೊಂಡ್ರ ಇದು ಇಳಿಯೂದಿಲ್ಲ, ಗುಳಿಗಿ ಹೊಟ್ಟ್ಯಾಗ ಹೋಗಬೇಕು.

ವಿಜ್ಞಾನ_ಮೊದಲು:

ಕ್ಷಮಿಸಿ, ನನಗೆ ಈ ಚರ್ಚೆ ಹೋಗ್ತಿರೋ ದಾರಿ ನೋಡಿ ಆತಂಕ ಆಗ್ತಿದೆ. ಪದ್ಧತಿ ಪದ್ಧತಿ ಅಂತ ಎಲ್ಲಾನೂ ಒಪ್ಕೊಂಡು ಹೋದ್ರೆ ಮೂಢನಂಬಿಕೆಗೆ ಆಸ್ಪತ್ರೆನೇ ಸರ್ಟಿಫಿಕೇಟ್ ಕೊಟ್ಟ ಹಾಗಾಗುತ್ತೆ. ಹೊಕ್ಕಳಿಗೆ ಸಗಣಿ ಬೂದಿ ಹಚ್ಚಿ ಮಗುಗೆ ಧನುರ್ವಾಯು ಬಂದಿರೋ ಕಾಲ ನಮ್ಮ ಹಿರಿಯ ಸಿಸ್ಟರ್‌ಗಳು ನೋಡಿದ್ದಾರೆ. ಬಾಣಂತಿ ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟು ಬಾಗಿಲು ಕಿಟಕಿ ಎಲ್ಲಾ ಮುಚ್ಚಿ ಮಲಗಿಸ್ತಾರೆ, ಆ ಹೊಗೆಯಲ್ಲಿ ತಾಯಿ ಮಗು ಇಬ್ಬರೂ ಉಸಿರು ಕಟ್ಟಿ ಸಾಯಬಹುದು. ಇಲ್ಲೂ ಹೊಗಳಿ ಆಮೇಲೆ ಹೇಳ್ಬೇಕಾ? ಜೊತೆಗೆ ಇನ್ನೊಂದು, ಒಂದು ನೈಟ್ ಡ್ಯೂಟಿಲಿ ವಾರ್ಡ್ ತುಂಬ ಪೇಷಂಟ್, ಇಬ್ಬರೇ ಸಿಸ್ಟರ್ಸ್, ಇಂಜೆಕ್ಷನ್ ಚಾರ್ಟಿಂಗ್ ಮುಗಿಸೋಷ್ಟರಲ್ಲಿ ಬೆಳಗಾಗುತ್ತೆ, ಇನ್ನು ಪ್ರತಿಯೊಬ್ಬರ ಮನೆ ಪದ್ಧತಿ ಕೇಳ್ತಾ ಕೂರೋಕೆ ಟೈಮ್ ಎಲ್ಲಿ?

ಟ್ಯೂಟರ್_ಬಳ್ಳಾರಿ:

ವಿಜ್ಞಾನ ಮೊದಲು ಅವರ ಆತಂಕ ಸರಿಯಾಗೇ ಇದೆ, ಅದಕ್ಕೆ ಉತ್ತರ ನಮ್ಮ ಸಿಲಬಸ್ಸಲ್ಲೇ ಇದೆ, ನಾವು ಪರೀಕ್ಷೆಗೆ ಬಾಯಿಪಾಠ ಮಾಡಿ ಬಿಟ್ಟಿದ್ದೀವಿ ಅಷ್ಟೇ. ಮ್ಯಾಡೆಲೀನ್ ಲೈನಿಂಗರ್ ಅಂತ ಅಮೆರಿಕದ ನರ್ಸ್, 1950ರ ದಶಕದಲ್ಲಿ ಮಾನಸಿಕ ತೊಂದರೆ ಇರೋ ಮಕ್ಕಳ ಆರೈಕೆ ಮಾಡ್ತಿದ್ದಾಗ ಬೇರೆ ಬೇರೆ ಹಿನ್ನೆಲೆಯ ಮಕ್ಕಳು ಒಂದೇ ಥರದ ಆರೈಕೆಗೆ ಬೇರೆ ಬೇರೆ ಥರ ಸ್ಪಂದಿಸೋದು ನೋಡಿ, ಮಾನವಶಾಸ್ತ್ರ ಓದಿ ಡಾಕ್ಟರೇಟ್ ಮಾಡಿದ್ರು, ಪಪುವಾ ನ್ಯೂಗಿನಿಯ ಗಾಡ್ಸಪ್ ಜನರ ಜೊತೆ ಹೋಗಿ ಇದ್ದು ಅಧ್ಯಯನ ಮಾಡಿದ್ರು. ಟ್ರಾನ್ಸ್‌ಕಲ್ಚರಲ್ ನರ್ಸಿಂಗ್, ಅಂದ್ರೆ ರೋಗಿಯ ಸಂಸ್ಕೃತಿಗೆ ಹೊಂದೋ ಹಾಗೆ ಆರೈಕೆ ಮಾಡೋದು, ಅನ್ನೋ ವಿಭಾಗ ಶುರುವಾಗಿದ್ದೇ ಅವರಿಂದ. ಅವರು ಹೇಳೋದು, ರೋಗಿ ಪದ್ಧತಿ ಎದುರಿಗೆ ಬಂದಾಗ ನರ್ಸ್‌ಗೆ ಮೂರು ದಾರಿ: ಇದ್ದದ್ದನ್ನ ಉಳಿಸೋದು, ಸ್ವಲ್ಪ ಅವರು ಸ್ವಲ್ಪ ನಾವು ಬಗ್ಗಿ ಹೊಂದಿಸೋದು, ಹಾನಿ ಆಗ್ತಿದ್ರೆ ಅವರ ಜೊತೆ ಸೇರಿ ಬದಲಾಯಿಸೋದು. ಎಲ್ಲಾ ಒಪ್ಕೊಳ್ಳಿ ಅಂತ ಅವರು ಎಲ್ಲೂ ಹೇಳಿಲ್ಲ.

ಧಾರವಾಡದ ಅಕ್ಕ ಹೇಳಿದ ಅಳ್ವಿ ಪಾಯಸ ಉಳಿಸೋದು. ತುಮಕೂರು ಸಿಸ್ಟರ್ ಓಮದ ನೀರು ಹೊಂದಿಸೋದು. ಸಗಣಿ, ಅಗ್ಗಿಷ್ಟಿಕೆ ಬದಲಾಯಿಸೋದು, ಅದರಲ್ಲಿ ರಾಜಿ ಇಲ್ಲ. ಆದ್ರೆ ಬದಲಾಯಿಸುವಾಗಲೂ ಆ ಪದ್ಧತಿ ಯಾವ ಕೆಲಸ ಮಾಡ್ತಿತ್ತು ಅಂತ ನೋಡಬೇಕು. ಅಗ್ಗಿಷ್ಟಿಕೆ ಯಾಕೆ ಇಡ್ತಾರೆ? ಮಗು ಬೆಚ್ಚಗಿರಲಿ ಅಂತ. ಮಗು ಬೆಚ್ಚಗಿರಬೇಕು ಅನ್ನೋದು ನಮ್ಮ ಪಾಠವೂ ಹೌದು. ಹಾಗಾದ್ರೆ ಕೆಂಡ ತೆಗೀರಿ ಅಂತ ಹೇಳಿ ಸುಮ್ಮನಾಗದೆ, ಮಗುವನ್ನ ತಾಯಿ ಎದೆ ಮೇಲೆ ಮೈಗೆ ಮೈ ತಾಗೋ ಹಾಗೆ ಮಲಗಿಸಿ ಮೇಲೆ ಕಂಬಳಿ ಹೊದಿಸೋದನ್ನ ಅಜ್ಜಿ ಕೈಯಿಂದಲೇ ಮಾಡಿಸಿ, ಸ್ವಲ್ಪ ಹೊತ್ತು ಬಿಟ್ಟು ಮಗು ಪಾದ ಮುಟ್ಟಿ ನೋಡಿ ಅನ್ನಿ. ಬೆಚ್ಚಗಿರೋದು ಅವರ ಕೈಗೇ ಗೊತ್ತಾಗುತ್ತೆ.

ಕಾಡಿಗೆನೂ ಹಾಗೇ. ಕಣ್ಣಿಗೆ ಹಚ್ಚೋದು ಬೇಡ, ಕೆಲವು ಕಾಡಿಗೆ ಸುರ್ಮಾದಲ್ಲಿ ಸೀಸ ಇರುತ್ತೆ, ಸೋಂಕೂ ಆಗಬಹುದು. ದೃಷ್ಟಿ ಬೊಟ್ಟು ಅಂಗಾಲಿಗೆ ಇಡಿ ಅಂದ್ರೆ ಯಾರೂ ಬೇಡ ಅನ್ನಲ್ಲ, ದೃಷ್ಟಿ ತಾಗಬಾರದು ಅನ್ನೋ ಅವರ ಉದ್ದೇಶ ಅಲ್ಲೂ ಈಡೇರುತ್ತೆ.

ಹೆರಿಗೆವಾರ್ಡ್_ತುಮಕೂರು:

ಟ್ಯೂಟರ್ ಮೇಡಂ, ತುಂಬಾ ಥ್ಯಾಂಕ್ಸ್. ಇದಕ್ಕೆ ಸೇರಿಸಿ ಒಂದು. ಹುಟ್ಟಿದ ತಕ್ಷಣ ಜೇನುತುಪ್ಪ, ಸಕ್ಕರೆ ನೀರು ನೆಕ್ಕಿಸೋದು ಇದೆಯಲ್ಲ, ಅದನ್ನ ನಿಲ್ಲಿಸೋದು ನಮ್ಮ ವಾರ್ಡಲ್ಲಿ ದೊಡ್ಡ ಕಷ್ಟ ಆಗಿತ್ತು. ಯಾರು ನೆಕ್ಕಿಸ್ತಾರೋ ಅವರ ಗುಣ ಮಗುಗೆ ಬರುತ್ತೆ ಅಂತ ಒಳ್ಳೆ ಹೆಸರಿರೋ ಹಿರಿಯರನ್ನೇ ಕರ್ಕೊಂಡು ಬಂದಿರ್ತಾರೆ. ಅವರನ್ನ ಬಾಗಿಲಲ್ಲೇ ನಿಲ್ಲಿಸಿ ಕಳ್ಸಿದ್ರೆ ಮನಸ್ಸಿಗೆ ನೋವಾಗುತ್ತೆ, ಮತ್ತೆ ನಾವು ಆಕಡೆ ತಿರುಗಿದಾಗ ಹೇಗೂ ನೆಕ್ಕಿಸ್ತಾರೆ. ಈಗ ನಾವು ಆ ಹಿರಿಯರ ಕೈ ಸೋಪಲ್ಲಿ ತೊಳೆಸಿ, ಅವರ ಕೈಯಲ್ಲೇ ಮಗುನ ತಾಯಿಯ ಪಕ್ಕಕ್ಕೆ ಕೊಡಿಸ್ತೀವಿ, ಮೊದಲ ಸಲ ಎದೆಗೆ ಹಚ್ಚೋಕೆ ಮಗುನ ತಲುಪಿಸಿದವರು ಅವರೇ ಆಗ್ತಾರೆ. ಅಜ್ಜಿ ಆದ್ರೆ ಕೂತ್ಕೊಂಡು ಹಾಲು ಕುಡಿಸೋಕೆ ಸಹಾಯಾನೂ ಮಾಡ್ತಾರೆ. ಒಂದು ಗಂಟೆ ಒಳಗೆ ಹಾಲು ಕುಡಿಸೋದು ಅಂತ ನಾವು ಬೋರ್ಡ್ ಹಾಕಿದ್ದು ಹೀಗೆ ಸಲೀಸಾಗಿ ಆಗ್ತಿದೆ.

ಮೊದಲ ಹಳದಿ ಹಾಲು ಹಿಂಡಿ ಚೆಲ್ಲೋ ಮನೆಯವರಿಗೆ ಹಸು ಉದಾಹರಣೆ ಸಾಕು. ನಿಮ್ಮ ಕರುಗೆ ಗಿಣ್ಣಿನ ಹಾಲು ಕುಡಿಸದೆ ಬಿಡ್ತೀರಾ ಅಂತ ಕೇಳಿದ್ರೆ ರೈತರ ಮನೆಯವರು ತಕ್ಷಣ ಒಪ್ತಾರೆ, ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು ಅದು.

ಓಟಿ_ಬ್ರದರ್:

ಸರ್ಜರಿ ಕಡೆಯಿಂದ ನನ್ನದು. ಆಪರೇಷನ್‌ಗೆ ಮುಂಚಿನ ಚೆಕ್‌ಲಿಸ್ಟಲ್ಲಿ "ಆಭರಣ ತೆಗೆಸಲಾಗಿದೆ" ಅಂತ ಒಂದು ಟಿಕ್ ಇರುತ್ತೆ. ಆ ಟಿಕ್ ಹಿಂದೆ ಎಷ್ಟು ಜಗಳ ಕಣ್ಣೀರು ಇರುತ್ತೆ ಅಂತ ಓಟಿ ಒಳಗಿರೋರಿಗೆ ಗೊತ್ತಾಗಲ್ಲ (ಓಟಿ ಅಂದ್ರೆ ಆಪರೇಷನ್ ಥಿಯೇಟರ್). ತಾಳಿ ತೆಗಿ ಅಂದ್ರೆ ಹೆಣ್ಮಕ್ಕಳು ಅಳ್ತಾರೆ, ಗಂಡ ಪಕ್ಕದಲ್ಲೇ ಇದ್ದಾಗ ತಾಳಿ ಬಿಚ್ಚೋದಾ ಅಂತ ಅತ್ತೆ ಬೈತಾರೆ. ಲೋಹ ಯಾಕೆ ಬೇಡ ಅಂತ ಮೊದಲು ಹೇಳ್ಬೇಕು, ಆಪರೇಷನ್‌ನಲ್ಲಿ ರಕ್ತ ನಿಲ್ಲಿಸೋಕೆ ಕರೆಂಟಿನ ಕಾಟರಿ ಬಳಸ್ತಾರೆ, ಮೈಮೇಲೆ ಲೋಹ ಇದ್ರೆ ಸುಡೋ ಅಪಾಯ ಇದೆ, ಕೈಕಾಲು ಊದಿದ್ರೆ ಉಂಗುರ ಕಾಲುಂಗುರ ಬಿಗಿದು ರಕ್ತ ಓಡಾಡಲ್ಲ. ಇಷ್ಟು ಹೇಳಿದ್ಮೇಲೆ ಅರಿಶಿನದ ದಾರಕ್ಕೆ ಅರಿಶಿನ ಕೊಂಬು ಕಟ್ಟಿ ಅದನ್ನ ಹಾಕ್ಕೊಳ್ಳಿ, ಚಿನ್ನದ್ದನ್ನ ಯಜಮಾನ್ರ ಕೈಗೆ ಕೊಡಿ ಅಂದ್ರೆ ಹೆಚ್ಚಿನವರು ಒಪ್ತಾರೆ. ಕತ್ತು ಎದೆ ಭಾಗದ ಸರ್ಜರಿ ಆದ್ರೆ ಆ ದಾರ ಕೈಗೆ. ಇದನ್ನ ಹಿಂದಿನ ದಿನ ಸಂಜೆನೇ ಹೇಳಿದ್ರೆ ಮನೆಯವರು ತಯಾರಾಗಿ ಬರ್ತಾರೆ, ಸ್ಟ್ರೆಚರ್ ಮೇಲೆ ಮಲಗಿಸಿದ ಮೇಲೆ ಹೇಳಿದ್ರೆ ರಂಪ ಆಗುತ್ತೆ.

ಲಿಂಗಾಯತ ಹಿರಿಯರದ್ದು ಇನ್ನೂ ಸೂಕ್ಷ್ಮ. ಇಷ್ಟಲಿಂಗ ಮೈಯಿಂದ ಅಗಲಬಾರದು ಅನ್ನೋದು ಅವರ ವ್ರತ. ಅದನ್ನ ಆಭರಣದ ಲೆಕ್ಕಕ್ಕೆ ಸೇರಿಸಿ "ತೆಗೀರಿ ಅಜ್ಜಾ" ಅಂದ್ರೆ ಅವರು ಆಪರೇಷನ್ನೇ ಬೇಡ ಅಂತ ಎದ್ದು ಹೋಗ್ತಾರೆ, ಹೋಗಿದ್ದೂ ನೋಡಿದ್ದೀನಿ. ನಾವು ಮಾಡೋದು ಹೀಗೆ. ಲೋಹ ಇರೋದು ಲಿಂಗ ಇಡೋ ಬೆಳ್ಳಿ ಕರಡಿಗೆಯಲ್ಲಿ, ಲಿಂಗದಲ್ಲಲ್ಲ. ಹಾಗಾಗಿ ಅವರೇ ತಮ್ಮ ಕೈಯಾರೆ ಕರಡಿಗೆಯಿಂದ ಲಿಂಗ ತೆಗೆದು ಶುಭ್ರ ಬಟ್ಟೇಲಿ ಸುತ್ತಿ ಕೊಡ್ತಾರೆ, ಐವಿ ಬಿಪಿ ಕಫ್ ಇಲ್ಲದ ಕಡೆ ತೋಳಿಗೆ ಮನೆಯವರ ಕೈಲೇ ಕಟ್ಟಿಸ್ತೀವಿ, ಮೇಲೆ ಸ್ಟೆರೈಲ್ ಗಾಜ್ ಸುತ್ತಿ ಪ್ಲಾಸ್ಟರ್ ಹಾಕ್ತೀವಿ. ಸರ್ಜನ್, ಅನಸ್ತೇಷಿಯಾ ಡಾಕ್ಟರ್ ಇಬ್ಬರಿಗೂ ಮೊದಲೇ ಹೇಳಿ, ಎಲ್ಲಿ ಕಟ್ಟಿದ್ದೀವಿ ಅಂತ ಕೇಸ್ ಶೀಟಲ್ಲಿ ಬರೆದು ಸಹಿ. ರಿಕವರಿಗೆ ಬಂದಾಗ ಅವರ ಕೈ ಮೊದಲು ಹೋಗೋದು ಆ ತೋಳಿಗೆ. ಇದ್ದದ್ದು ಗೊತ್ತಾದ ಮೇಲೆ ಮಾನಿಟರಲ್ಲಿ ಪಲ್ಸ್ ಕೂಡ ಇಳಿಯೋದು ನೋಡಿದ್ದೀನಿ.

ಟೈಮ್ ಇಲ್ಲ ಅಂದ್ರು ಒಬ್ರು. ಇದಕ್ಕೆ ಹಿಡಿಯೋ ಟೈಮ್ ಕಾಲು ಗಂಟೆನೂ ಅಲ್ಲ. ಒಪ್ಪಿಗೆ ಇಲ್ಲದೆ ಕೇಸ್ ಕ್ಯಾನ್ಸಲ್ ಆದ್ರೆ ಓಟಿ ಸ್ಲಾಟ್ ಎಷ್ಟು ಹೊತ್ತು ಖಾಲಿ ಬೀಳುತ್ತೆ ಲೆಕ್ಕ ಹಾಕಿ.

ಕರಾವಳಿ_ನರ್ಸ್:

ನಮ್ಮಲ್ಲಿ ಡಯಾಬಿಟಿಸ್ ಕ್ಲಿನಿಕ್ಕಿಗೆ ಬರುವ ಬ್ಯಾರಿ (ಕರಾವಳಿಯ ಮುಸ್ಲಿಂ) ಅಮ್ಮಂದಿರು ತುಂಬ ಜನ. ಉಪವಾಸಕ್ಕೆ ಇಲ್ಲಿ ನೋಂಬು ಅಂತ ಹೇಳುದು. ಮೊದಲೆಲ್ಲ ಎಂತ ಆಗ್ತಿತ್ತು ಅಂದ್ರೆ "ಶುಗರ್ ಇದ್ದವರು ನೋಂಬು ಹಿಡೀಬಾರ್ದು" ಅಂತ ಒಂದೇ ಮಾತಲ್ಲಿ ಹೇಳಿ ಕಳಿಸುದು. ಅವರು ಎದುರಿಗೆ ಆಯ್ತು ಅಂತಾರೆ, ಮನೆಗೆ ಹೋಗಿ ಹಿಡಿತಾರೆ, ನಮಗೆ ಹೇಳುದಿಲ್ಲ. ಬೆಳಿಗ್ಗೆಯ ಮಾತ್ರೆಯನ್ನು ಸಹರಿಗೆ (ನೋಂಬು ಶುರುವಾಗುವ ಮೊದಲು ನಸುಕಿನಲ್ಲಿ ಮಾಡುವ ಊಟಕ್ಕೆ) ತಕ್ಕೊಂಡು ಹಗಲಿಡೀ ಏನೂ ತಿನ್ನದೆ ಮಧ್ಯಾಹ್ನ ಮೇಲೆ ಲೋ ಶುಗರ್ ಆಗಿ ಬೆವರಿ ನಡುಗಿ ಬರುದು. ಗ್ಲಿಮೆಪಿರೈಡ್ ಥರದ ಮಾತ್ರೆ, ಇನ್ಸುಲಿನ್ ಇದ್ದವರಿಗೆ ಇದು ಜಾಸ್ತಿ.

ಈಗ ರಂಜಾನಿಗೆ ಆರೆಂಟು ವಾರ ಮೊದಲೇ ಕೇಳ್ತೇವೆ, ಈ ಸಲ ನೋಂಬು ಹಿಡಿತೀರಾ ಅಂತ. ಪ್ರತಿ ವರ್ಷ ರಂಜಾನ್ ಸುಮಾರು 11 ದಿನ ಮುಂಚೆ ಬರ್ತದೆ ಅಲ್ವಾ, ಹಾಗಾಗಿ ಕ್ಯಾಲೆಂಡರಿನಲ್ಲಿ ಗುರ್ತು ಹಾಕಿ ಇಟ್ಟುಕೊಳ್ಬೇಕು. ಹಿಡಿತೇನೆ ಅಂದವರನ್ನು ಡಾಕ್ಟ್ರ ಹತ್ರ ಕಳಿಸಿ ಯಾರಿಗೆ ಆಗ್ತದೆ ಯಾರಿಗೆ ಆಗುದಿಲ್ಲ ಅಂತ ನೋಡಿಸಿ, ಮಾತ್ರೆ ಇನ್ಸುಲಿನ್ ಹೊತ್ತು ಮತ್ತು ಡೋಸ್ ಬದಲು ಮಾಡಿಸುದು. ಮನೆಯಲ್ಲಿ ಗ್ಲುಕೋಮೀಟರ್ ಇರ್ಲೇಬೇಕು. ಬೆರಳಿಗೆ ಚುಚ್ಚಿ ರಕ್ತ ನೋಡಿದ್ರೆ ನೋಂಬು ಮುರೀತದೆ ಅಂತ ಎಷ್ಟೋ ಜನ ಹೆದರ್ತಾರೆ, ಮುರಿಯುದಿಲ್ಲ ಅಂತ ಹೆಚ್ಚಿನ ಧರ್ಮಗುರುಗಳೇ ಹೇಳ್ತಾರೆ, ಅದನ್ನು ನಮ್ಮ ಬಾಯಿಂದ ಹೇಳುದಕ್ಕಿಂತ ಅವರ ಮಸೀದಿಯ ಉಸ್ತಾದರಿಂದ ಕೇಳಿ ಬನ್ನಿ ಅಂತ ಕಳಿಸಿದ್ರೆ ಧೈರ್ಯ ಬರ್ತದೆ. ಶುಗರ್ 70ಕ್ಕಿಂತ ಕಡಿಮೆ ಆದ್ರೆ ಅಥವಾ 300 ದಾಟಿದ್ರೆ ಆಗಲೇ ನೋಂಬು ಬಿಡ್ಬೇಕು, ಇಫ್ತಾರಿಗೆ ಇನ್ನು ಹತ್ತು ನಿಮಿಷ ಇದ್ರೂ ಕಾಯುದು ಬೇಡ, ಇದನ್ನು ನಾವು ಕಾರ್ಡಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಕೊಡ್ತೇವೆ. ಟೈಪ್ 1 ಇದ್ದವರು, ಡಯಾಲಿಸಿಸ್ ಇದ್ದವರು, ಶುಗರಿನ ಗರ್ಭಿಣಿಯರು, ಇವರಿಗೆ ಅಪಾಯ ತುಂಬ ಜಾಸ್ತಿ, ಹಿಡಿಯುದು ಬೇಡ ಅಂತಲೇ ಹೇಳುದು. ಕಾಯಿಲೆಯವರಿಗೆ ಧರ್ಮದಲ್ಲೇ ವಿನಾಯಿತಿ ಉಂಟು, ನೋಂಬಿನ ಬದಲು ಬಡವರಿಗೆ ಊಟ ಕೊಡುವ ದಾರಿ ಉಂಟು. ಅದನ್ನೂ ಅವರ ಮನೆಯ ಹಿರಿಯರ ಎದುರಿಗೆ ಮಾತಾಡಿದ್ರೆ ಆ ಅಮ್ಮನಿಗೆ ತಾನೊಬ್ಬಳೇ ತಪ್ಪಿಸಿದೆ ಅನ್ನುವ ಬೇಸರ ಇರುದಿಲ್ಲ.

ಬೆಳಗಾವಿ_ಮಗಳು:

ನಾನು ನರ್ಸ್ ಅಲ್ಲ, ಪೇಷಂಟ್ ಮಗಳು. ನಾವು ಜೈನರು, ನಮ್ಮ ಅವ್ವ ಸೂರ್ಯ ಮುಳುಗಿದ ಮ್ಯಾಲೆ ನೀರು ಸಹಿತ ಮುಟ್ಟೂದಿಲ್ಲ. ಅಕಿಗೆ ಶುಗರ್ ಗುಳಿಗಿ "ರಾತ್ರಿ ಊಟಕ್ಕ ಮೊದಲ" ಅಂತ ಬರದು ಕೊಟ್ಟಿದ್ರು. ಅಕಿ ಸಂಜೀ ಐದೂವರಿಗೆ ಊಟ ಮುಗಿಸಿ, ಡಾಕ್ಟರ್ ರಾತ್ರಿ ಅಂತ ಬರದಾರ ಅಂತ ಒಂಬತ್ತಕ್ಕ ಖಾಲಿ ಹೊಟ್ಟಿಲೆ ಒಣ ಗುಳಿಗಿ ನುಂಗಾಕಿ. ಬೆಳಗ ಮುಂಜಾನೆ ತಲಿ ತಿರಗೂದು. ಯಾರೂ ಕೇಳಿರಲಿಲ್ಲ, ಅವ್ವ ನೀವು ಉಣ್ಣೂದು ಎಷ್ಟಕ್ಕ ಅಂತ. ಕಡೀಕ ಒಬ್ಬ ಸಿಸ್ಟರ್ ಕೇಳಿದ್ರು, ಡಾಕ್ಟರಿಗೆ ಹೇಳಿ ಹೊತ್ತು ಬದಲ ಮಾಡಿಸಿದ್ರು, ಆಮ್ಯಾಲೆ ಆರಾಮ.

ಆದ್ರ ಇನ್ನೊಂದು ಮಾತೂ ಹೇಳಬೇಕು. ಬ್ಯಾರೆ ಒಂದ ಆಸ್ಪತ್ರ್ಯಾಗ ನನ್ನ ತಮ್ಮನ ಅಡ್ಮಿಟ್ ಮಾಡಿದಾಗ ಅಡ್ಡಹೆಸರು ನೋಡಿ ಅವರ ಬರಕೊಂಡುಬಿಟ್ರು, ಉಳ್ಳಾಗಡ್ಡಿ ಬ್ಯಾಡ, ಗೆಣಸು ಬಟಾಟಿ ಬ್ಯಾಡ, ರಾತ್ರಿ ಊಟ ಬ್ಯಾಡ ಅಂತ. ಅವ ಹಂಗೇನೂ ಮಾಡೂದಿಲ್ಲ, ಎಲ್ಲಾ ಉಣ್ಣತಾನ. ಎರಡು ರಾತ್ರಿ ಉಪವಾಸ ಇದ್ದ ಪಾಪ, ಇಲ್ಲಿ ರಾತ್ರಿ ಊಟಾನ ಕೊಡೂದಿಲ್ಲ ಅಂತ ತಿಳಕೊಂಡು. ಒಂದ ಮನಿ, ಒಂದ ತಾಯಿ ಮಕ್ಕಳು, ಆದ್ರೂ ಇಬ್ಬರದೂ ಬ್ಯಾರೆ. ಅದಕ್ಕ ಜಾತಿ ಧರ್ಮ ನೋಡಿ ಬರಕೋಬ್ಯಾಡ್ರಿ, ಮನಷ್ಯಾನ್ನ ಕೇಳ್ರಿ.

ವಿಜ್ಞಾನ_ಮೊದಲು:

ಬೆಳಗಾವಿ ಮಗಳು ಅವರ ಎರಡನೇ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ನನಗಿರೋ ಭಯ ಅದೇ, ಮುಸ್ಲಿಮರಿಗೆ ಹೀಗೆ, ಲಂಬಾಣಿಗರಿಗೆ ಹೀಗೆ ಅಂತ ಒಂದು ಪಟ್ಟಿ ಮಾಡಿ ವಾರ್ಡಲ್ಲಿ ಅಂಟಿಸಿದ್ರೆ ಅದು ಕೇರ್ ಆಗಲ್ಲ, ಹಣೆಪಟ್ಟಿ ಆಗುತ್ತೆ.

ಆಕ್ಲೆಂಡ್_ಕನ್ನಡತಿ:

ನಾನು ಹಾಸನದವಳು, ನ್ಯೂಜಿಲೆಂಡಲ್ಲಿ ನರ್ಸ್ ಆಗಿದ್ದೀನಿ. ಇಲ್ಲಿ ರಿಜಿಸ್ಟ್ರೇಷನ್ ತಗೊಳ್ಳೋವಾಗ್ಲೇ ಕಲ್ಚರಲ್ ಸೇಫ್ಟಿ, ಅಂದ್ರೆ ರೋಗಿಯ ಸಂಸ್ಕೃತಿಗೆ ಧಕ್ಕೆ ಆಗದ ಹಾಗೆ ಆರೈಕೆ ಮಾಡೋದು, ಕಲೀಬೇಕು, ಅದಿಲ್ದೆ ಕೆಲಸ ಇಲ್ಲ. ಇದನ್ನ ತಂದವರು ಇರಿಹಾಪೇಟಿ ರಾಮ್ಸ್‌ಡನ್ ಅಂತ ಮಾವೊರಿ (ಇಲ್ಲಿನ ಮೂಲನಿವಾಸಿ) ನರ್ಸ್. 1992ರಲ್ಲಿ ಇಲ್ಲಿನ ನರ್ಸಿಂಗ್ ಕೌನ್ಸಿಲ್ ಇದನ್ನ ನರ್ಸಿಂಗ್ ಶಿಕ್ಷಣಕ್ಕೆ ಸೇರಿಸಿದಾಗ ಪತ್ರಿಕೆಗಳಲ್ಲಿ ಭಾರೀ ಗಲಾಟೆ ಆಗಿತ್ತಂತೆ, ನರ್ಸ್‌ಗಳು ಇಂಜೆಕ್ಷನ್ ಕಲಿಯೋದು ಬಿಟ್ಟು ಇದೇನು ಅಂತ. ಅವರು ಹೇಳಿದ ಮುಖ್ಯ ವಿಷಯ ಏನಂದ್ರೆ, ಆರೈಕೆ ಸುರಕ್ಷಿತವಾಗಿತ್ತೋ ಇಲ್ವೋ ಅಂತ ತೀರ್ಮಾನ ಮಾಡೋದು ಆರೈಕೆ ಪಡೆದವರು, ನರ್ಸ್ ಅಲ್ಲ. ಮತ್ತೆ ನರ್ಸ್ ಮೊದಲು ಅರ್ಥ ಮಾಡ್ಕೋಬೇಕಾದ್ದು ತನ್ನದೇ ಹಿನ್ನೆಲೆಯನ್ನ, ತಾನು ಯಾವುದನ್ನ ಸರಿ ಅಂದ್ಕೊಂಡು ಬಂದಿದ್ದೀನಿ, ತನ್ನ ಕೈಲಿ ಎಷ್ಟು ಅಧಿಕಾರ ಇದೆ ಅಂತ.

ಕೆಲಸದಲ್ಲಿ ಅದು ಹೇಗೆ ಕಾಣುತ್ತೆ ಅಂದ್ರೆ, ಮಾವೊರಿ ಜನರಿಗೆ ತಲೆ ಪವಿತ್ರ. ತಲೆಗಿಟ್ಟ ದಿಂಬನ್ನ ಕಾಲಡಿಗೆ ಇಡಬಾರದು, ಅದಕ್ಕೆ ಬೇರೆ ಬಣ್ಣದ ಕವರ್ ಇರೋ ದಿಂಬು ಇಡೋ ಆಸ್ಪತ್ರೆಗಳಿವೆ. ಊಟದ ಟೇಬಲ್ ಮೇಲೆ ಬೆಡ್‌ಪ್ಯಾನ್, ಯೂರಿನಲ್ ಇಡೋ ಹಾಗಿಲ್ಲ. ಹೆರಿಗೆ ಆದ್ಮೇಲೆ ಮಾಸು ಮನೆಗೆ ಬೇಕಾ ಅಂತ ಕೇಳ್ಬೇಕು, ತಮ್ಮ ನೆಲದಲ್ಲಿ ಹೂಳೋದು ಅವರಿಗೆ ಬಹಳ ಮುಖ್ಯ. ನಮ್ಮ ಹಳ್ಳಿಗಳಲ್ಲಿ ಮನೆ ಹೆರಿಗೆ ಆಗ್ತಿದ್ದಾಗ ಮಾಸು ಹೂಳ್ತಿದ್ದದ್ದು ನನ್ನ ಅಜ್ಜಿ ಹೇಳ್ತಿದ್ರು, ಇದನ್ನ ಕೇಳಿದಾಗ ನನಗೇನೂ ವಿಚಿತ್ರ ಅನ್ನಿಸಲಿಲ್ಲ. ಆದ್ರೂ ಪ್ರತಿಯೊಬ್ಬ ಮಾವೊರಿ ತಾಯಿನೂ ತಗೊಂಡು ಹೋಗಲ್ಲ, ಬೇಡ ಅನ್ನೋರೂ ಇರ್ತಾರೆ. ಹಾಗಾಗಿ ಕೇಳೋದು ಕಡ್ಡಾಯ, ಊಹೆ ಮಾಡೋದು ತಪ್ಪು. ಬೆಳಗಾವಿ ಅಕ್ಕ ಹೇಳಿದ್ದೇ ಇಲ್ಲಿ ನಿಯಮ.

ಇನ್ನೊಂದು ವಿಷಯ ಐಸಿಯುನಲ್ಲಿರೋರಿಗೆ. ಆಕ್ಸಿಜನ್ ನೋಡೋಕೆ ಬೆರಳಿಗೆ ಹಾಕೋ ಪಲ್ಸ್ ಆಕ್ಸಿಮೀಟರ್ ಕಪ್ಪು ಚರ್ಮದವರಲ್ಲಿ ನಿಜಕ್ಕಿಂತ ಜಾಸ್ತಿ ಆಕ್ಸಿಜನ್ ತೋರಿಸಬಹುದು ಅಂತ 2020ರಿಂದ ತುಂಬ ಚರ್ಚೆ ಆಗಿದೆ. ನಮ್ಮ ಜನರಲ್ಲೂ ಚರ್ಮದ ಬಣ್ಣ ಎಷ್ಟೊಂದು ಥರ ಇದೆ. ನಂಬರ್ ಒಂದನ್ನೇ ನಂಬದೆ ತುಟಿ ಒಳಗೆ, ನಾಲಿಗೆ, ಕಣ್ಣಿನ ರೆಪ್ಪೆ ಒಳಭಾಗ ನೋಡಿ, ಉಸಿರಾಟ ಎಣಿಸಿ.

ಚಾಮರಾಜನಗರ_ಪಿಎಚ್‌ಸಿ:

ನಮ್ ಜಿಲ್ಲೇಲಿ ಬಿಳಿಗಿರಿರಂಗನ ಬೆಟ್ಟ ಐತಲ್ಲ, ಅಲ್ಲಿ ಸೋಲಿಗ ಗಿರಿಜನರ ಜೊತೆ ಡಾ. ಎಚ್. ಸುದರ್ಶನ್ ಅವ್ರು 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶುರು ಮಾಡುದ್ರು. ಅಲ್ಲಿಂದ ನಾನು ತಿಳ್ಕಂಡಿದ್ದು ಅಂದ್ರೆ ಸೋಲಿಗ ಹೆಣ್ಮಕ್ಳು ಕುಕ್ಕರುಗಾಲಲ್ಲಿ ಕೂತು ಹೆರ್ತಿದ್ರು, ಅದನ್ನ ತಪ್ಪು ಅನ್ನದೆ ಅವ್ರಿಂದ್ಲೇ ಕಲೀಬೇಕು ಅನ್ನೋ ಮನಸ್ಸು ಅಲ್ಲಿತ್ತು. ಈಗ ವಿಶ್ವ ಆರೋಗ್ಯ ಸಂಸ್ಥೆ 2018ರ ಮಾರ್ಗಸೂಚಿಲೂ ತಾಯಿ ತನಗೆ ಅನುಕೂಲ ಆಗೋ ಭಂಗೀಲಿ ಹೆರಲಿ ಅಂತಾನೇ ಐತೆ. ನಾವು ಮಾತ್ರ ಟೇಬಲ್ ಮೇಲೆ ಮಲಗ್ಸಿ ಕಾಲು ಎತ್ತಿ ಕಟ್ಟಿ ಇದೇ ಸರಿ ಅಂತ ಕೂತಿದ್ದೀವಿ. ಗಿರಿಜನ ಹೆಣ್ಮಕ್ಳಿಗೇ ಎಎನ್‌ಎಂ (ಸಹಾಯಕ ನರ್ಸ್-ಸೂಲಗಿತ್ತಿ) ಟ್ರೈನಿಂಗ್ ಕೊಟ್ಟು ಅವ್ರ ಜನ್ರ ಮಧ್ಯಾನೇ ಕೆಲ್ಸಕ್ಕೆ ಹಾಕುದ್ರು ನೋಡಿ, ಅದು ದೊಡ್ಡ ಕೆಲ್ಸ. ಅವ್ರ ಹಾಡಿಗೆ, ಅಂದ್ರೆ ಕಾಡಿನ ಕೇರಿಗೆ, ಹೊರಗಿನ ಸಿಸ್ಟರ್ ಹೋದ್ರೆ ಬಾಗಿಲು ಹಾಕ್ಕೊಳೋರು, ತಮ್ಮ ಮನೆ ಮಗಳು ಬಂದ್ರೆ ಕೂತು ಮಾತಾಡ್ತಾರೆ.

ಹೆರಿಗೆ ರೂಮಲ್ಲಿ ಜೊತೆಗೊಬ್ಬ ಹೆಂಗಸು ಇರಬಹುದು ಅಂತ ಕೇಂದ್ರ ಸರ್ಕಾರ 2016ರಲ್ಲೇ ಹೇಳೈತೆ. ಎಷ್ಟು ಕಡೆ ಬಿಡ್ತಾರೆ ಹೇಳಿ? ಭಾಷೆ ಬರದೇ ಇರೋಳು, ಮೊದಲ್ನೇ ಸಲ ಕಟ್ಟಡದೊಳಗೆ ಹೆರೋಳು, ಅವ್ಳ ಕೈ ಹಿಡ್ಕಳಕ್ಕೆ ಅವ್ವನ್ನ ಬಿಟ್ರೆ ಅರ್ಧ ಕೆಲ್ಸ ಹಗುರ.

ಫೈನಲ್‌ಇಯರ್_ಬಿಎಸ್ಸಿ:

ಎಲ್ಲಾ ಓದಿದೆ, ತುಂಬಾ ಉಪಯೋಗ ಆಯ್ತು ಅಕ್ಕಂದಿರೇ. ನಮ್ಮದು ಮುಂದಿನ ವಾರದಿಂದ ಲಂಬಾಣಿ ತಾಂಡಾದಲ್ಲಿ ಕಮ್ಯುನಿಟಿ ಪೋಸ್ಟಿಂಗ್. ಬಿಪಿ ಶುಗರ್ ಇರೋರಿಗೆ ಡಯಟ್ ಹೇಳ್ಬೇಕು. ಕಾಲೇಜಲ್ಲಿ ಕೊಟ್ಟಿರೋ ಚಾರ್ಟಲ್ಲಿ ಓಟ್ಸ್, ಬ್ರೌನ್ ಬ್ರೆಡ್, ಸಲಾಡ್, ಸೇಬು ಅಂತಿದೆ. ಇದನ್ನ ಅಲ್ಲಿ ಹೋಗಿ ಹೇಗೆ ಹೇಳೋದು? ಮತ್ತೆ ಏನೇನು ಕೇಳ್ಬೇಕು ಅಂತ ಯಾರಾದ್ರೂ ಹೇಳ್ಕೊಡ್ತೀರಾ?

ಟ್ಯೂಟರ್_ಬಳ್ಳಾರಿ:

ಆ ಚಾರ್ಟ್ ಬ್ಯಾಗಲ್ಲೇ ಇರಲಿ ಮಗಳೇ. ನಿನ್ನೆ ಬೆಳಗ್ಗೆಯಿಂದ ರಾತ್ರಿವರೆಗೆ ಏನೇನು ತಿಂದ್ರಿ ಅಂತ ಕೇಳು, ತಟ್ಟೆ ಲೋಟ ತೋರಿಸಿ ಎಷ್ಟು ಅಂತ ಕೇಳು. ನಮ್ಮ ಕಡೆ ತಾಂಡಾದಲ್ಲಿ ಜೋಳದ ರೊಟ್ಟಿ, ಬೇಳೆ, ಸೊಪ್ಪು, ಖಾರ ಚಟ್ನಿ ಹೆಚ್ಚು ನೋಡ್ತೀಯ. ರೊಟ್ಟಿ ಬಿಡಿಸೋಕೆ ಹೋಗಬೇಡ. ಎಷ್ಟು ರೊಟ್ಟಿ, ಜೊತೆಗೆ ಕಾಳು ಸೊಪ್ಪಿನ ಪಲ್ಯ ಎಷ್ಟು ಅಂತ ನೋಡಿ, ಒಂದು ರೊಟ್ಟಿ ಕಡಿಮೆ ಮಾಡಿ ಪಲ್ಯ ಒಂದು ಸೌಟು ಜಾಸ್ತಿ ಮಾಡಬಹುದಾ ಅಂತ ಅಡುಗೆ ಮಾಡೋರನ್ನ ಕೇಳು. ಬಿಪಿಗೆ ಉಪ್ಪು ಎಲ್ಲಿಂದ ಬರ್ತಿದೆ ಅಂತ ಹುಡುಕು, ಚಟ್ನಿನಾ, ಉಪ್ಪಿನಕಾಯಿನಾ, ಹಪ್ಪಳನಾ. ಹಳೇ ಮೈಸೂರು ಕಡೆ ಹೋದ್ರೆ ಇದೇ ಮಾತು ಮುದ್ದೆಗೆ. ರಾಗಿ ಅಂದ್ರೆ ಶುಗರ್ ಏರಲ್ಲ ಅಂತ ದೊಡ್ಡ ದೊಡ್ಡ ಎರಡು ಮುದ್ದೆ ನುಂಗೋರಿದ್ದಾರೆ, ರಾಗಿಯಲ್ಲೂ ಪಿಷ್ಟ ಇದೆ, ಮುದ್ದೆ ಗಾತ್ರ ಕಡಿಮೆ ಆಗಬೇಕು, ಸೊಪ್ಪಿನ ಸಾರು ಹೆಚ್ಚಾಗಬೇಕು.

ಹೆರಿಗೆವಾರ್ಡ್_ತುಮಕೂರು:

ಕೇಳೋ ಪ್ರಶ್ನೆ ನಾನು ಹೇಳ್ತೀನಿ, ಟೈಮ್ ಇಲ್ಲ ಅಂದವರಿಗೂ ಇದೇ ಉತ್ತರ. ಅಡ್ಮಿಷನ್ ಹಿಸ್ಟರಿ ಹೇಗೂ ಬರೀತೀವಿ, ಅದರ ಜೊತೇಲೇ ಕೇಳಿಬಿಡೋದು. ಈ ಕಾಯಿಲೆ ಯಾಕೆ ಬಂತು ಅಂತ ನಿಮಗನ್ನಿಸುತ್ತೆ? ಇಲ್ಲಿಗೆ ಬರೋ ಮುಂಚೆ ಮನೇಲಿ ಏನು ಮಾಡಿದ್ರಿ, ಏನು ಕೊಟ್ರಿ? ಊಟ ಉಪವಾಸದಲ್ಲಿ ನಾವು ತಿಳ್ಕೋಬೇಕಾದ್ದು ಏನಾದ್ರೂ ಇದೆಯಾ? ಮೈಮೇಲೆ ತೆಗೀಬಾರದ್ದು ಏನಾದ್ರೂ ಇದೆಯಾ? ಮನೇಲಿ ಯಾರ ಮಾತು ನಡೆಯುತ್ತೆ, ಅವರನ್ನ ಒಂದ್ಸಲ ಕರೆಸ್ತೀರಾ? ಅಷ್ಟೇ. ನಾಟಿ ಔಷಧಿ ತಗೊಂಡಿದ್ದೀವಿ ಅಂದ್ರೆ ಮುಖ ಸಿಂಡರಿಸಬೇಡ, ಸಿಂಡರಿಸಿದ್ರೆ ಮುಂದಿನ ಸಲ ಮುಚ್ಚಿಡ್ತಾರೆ, ಮುಚ್ಚಿಟ್ರೆ ನಮಗೇ ಅಪಾಯ ಗೊತ್ತಾಗಲ್ಲ. ಅವರು ಹೇಳಿದ್ದನ್ನ ಅವರ ಮಾತಲ್ಲೇ ಕೇಸ್ ಶೀಟಲ್ಲಿ ಬರೆದು ಹ್ಯಾಂಡೋವರಲ್ಲಿ ಮುಂದಿನ ಶಿಫ್ಟಿಗೆ ಹೇಳ್ಬೇಕು, ಇಲ್ಲಾಂದ್ರೆ ನಾನು ಬೆಳಗ್ಗೆ ಒಪ್ಪಿಸಿದ್ದನ್ನ ಸಂಜೆ ಇನ್ನೊಬ್ರು ಗೊತ್ತಿಲ್ಲದೆ ಕೆಡಿಸ್ತಾರೆ. ಭಾಷೆ ಬರ್ಲಿಲ್ಲ ಅಂದ್ರೆ ಪೇಷಂಟ್ ಜೊತೆ ಬಂದ ಚಿಕ್ಕ ಮಕ್ಕಳ ಕೈಲಿ ತರ್ಜುಮೆ ಮಾಡಿಸಬೇಡ, ಹೆಂಗಸರ ತೊಂದರೆ ಎಲ್ಲಾ ಮಕ್ಕಳ ಬಾಯಲ್ಲಿ ಹೇಳ್ಸೋಕಾಗಲ್ಲ, ಲಂಬಾಣಿ ಮಾತಾಡೋ ಆಶಾ ಅಕ್ಕ ಇದ್ರೆ ಕರ್ಕೊಂಡು ಹೋಗು.

ವಿಜ್ಞಾನ_ಮೊದಲು:

ಇಷ್ಟೇ ಪ್ರಶ್ನೆ ಅಂದ್ರೆ ಮಾಡಬಹುದು. ಕೊನೇ ಪ್ರಶ್ನೆ ಜೊತೆ ಒಂದು ಸೇರಿಸ್ತೀನಿ, ಮನೇಲಿ ಯಾರ ಮಾತು ನಡೆಯುತ್ತೋ ಅವರನ್ನ ಕರೆಸೋದು ಸರಿ, ಆದ್ರೆ ಮೊದಲು ಪೇಷಂಟನ್ನ ಒಬ್ಬಳನ್ನೇ ಕೂರಿಸಿ ನಿನಗೇನು ಬೇಕಮ್ಮ ಅಂತ ಕೇಳಿ. ಅತ್ತೆ ಎದುರು ಹೇಳಕ್ಕಾಗದ್ದು ಎಷ್ಟೋ ಇರುತ್ತೆ, ಪದ್ಧತಿ ಹೆಸರಲ್ಲಿ ಅವ್ಳ ಇಷ್ಟ ಮುಚ್ಚಿಹೋಗಬಾರದು.

ಧಾರವಾಡದ_ಅಕ್ಕ:

ಇದು ಖರೇ ಮಾತ್ರಿ. ನಾವು ತೂಕ ನೋಡೂ ನೆವ ಮಾಡಿ ಒಳಗ ಕರಕೊಂಡ ಹೋಗಿ ಕೇಳ್ತೇವಿ.

ಫೈನಲ್‌ಇಯರ್_ಬಿಎಸ್ಸಿ:

ಎಲ್ಲಾ ಡೈರಿಯಲ್ಲಿ ಬರ್ಕೊಂಡೆ. ನಮ್ಮ ಗ್ರೂಪಲ್ಲಿ ಲಂಬಾಣಿ ಬರೋ ಒಬ್ಬಳು ಫ್ರೆಂಡ್ ಇದ್ದಾಳೆ, ಅವ್ಳನ್ನ ನನ್ನ ಜೊತೆ ಹಾಕಿ ಅಂತ ಮೇಡಂನ ಕೇಳ್ತೀನಿ. ಪೋಸ್ಟಿಂಗ್ ಮುಗಿದ ಮೇಲೆ ಏನಾಯ್ತು ಅಂತ ಇಲ್ಲೇ ಬರೀತೀನಿ.